ತೊಳೆದ ಉಪ್ಪು

ಊರವರು ಅವಳನ್ನು ‘ಉಪ್ಪಕ್ಕ’ ಎಂದೇ ಕರೆಯುತ್ತಿದ್ದರು. ಕಡಲ ನೀರಿಗೆ ಒಡ್ಡು ಕಟ್ಟಿ ಬಿಡಿಸಿಕೊಂಡ ನೆಲದಲ್ಲಿ ಅವಳಿಗೂ ಅವಳ ತಮ್ಮನಿಗೂ ಒಂದೊಂದು ತುಂಡು ಸಿಕ್ಕಿತ್ತು. ಮೇಲಿನದು ಅವಳದು, ತಗ್ಗಿನದು ಅವನದು. ಮೊದಲ ದಿನವೇ ಅವಳು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಾಕಿಕೊಂಡು, "ಅಡುಗೆಗೆ ಉಪ್ಪು ಕೊಳ್ಳೋದು ತಪ್ತು" ಎಂದು ಎಲ್ಲರನ್ನೂ ನಗಿಸಿದ್ದಳು.

ಆಮೇಲೆ ನಗು ಬರಲಿಲ್ಲ. ಗಂಡ ತೀರಿಹೋದ ಮೇಲೆ ಆ ನೆಲ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಮಳೆನೀರನ್ನು ಗದ್ದೆಯಲ್ಲಿ ನಿಲ್ಲಿಸುವುದು, ಉಪ್ಪು ಕರಗಿದ ಮೇಲೆ ಬಸಿಗಾಲುವೆಗೆ ಬಿಡುವುದು, ಮತ್ತೆ ನಿಲ್ಲಿಸುವುದು. ಮೊದಲ ವರ್ಷದ ಭತ್ತ ಗೇಣುದ್ದ ಏಳುವ ಮೊದಲೇ ಸುಟ್ಟುಹೋಯಿತು. ಮರುವರ್ಷ ಬರೀ ಜೊಳ್ಳು. ಮೂರನೆಯ ವರ್ಷ ಪೈರು ಹಸಿರಾಗಿ ತಲೆಯೆತ್ತಿದಾಗ ಅವಳು ಬದುವಿನ ಮೇಲೆ ಕೂತು ಅತ್ತುಬಿಟ್ಟಳು.

ಅದೇ ವಾರ ತಮ್ಮ ಬಂದ. ಅವನ ಕೈಯಲ್ಲಿ ತನ್ನ ಗದ್ದೆಯಿಂದ ಬೇರುಸಹಿತ ಕಿತ್ತ ಪೈರು. ಎಲೆಗಳ ತುದಿ ಬೆಳ್ಳಗೆ ಒಣಗಿತ್ತು.

"ನಿನ್ ಗದ್ದೆ ತೊಳೆದ ನೀರು ಎಲ್ಲಿಗೆ ಹೋಗತ್ತೆ ಅಂದ್ಕೊಂಡಿದ್ದೆ, ಅಕ್ಕಾ?"

ಅವಳಿಗೆ ಗೊತ್ತಿತ್ತು. ತಮ್ಮನ ಗದ್ದೆಯಂಚಿನಲ್ಲಿ ಹಾದು ಹಳ್ಳ ಸೇರುವಲ್ಲಿ ಕಾಲುವೆಗೆ ಹೂಳು ತುಂಬಿ, ಉಪ್ಪುನೀರು ಅವನ ಗದ್ದೆಗೆ ಏರುತ್ತಿದ್ದುದನ್ನು ಅವಳು ನೋಡಿಯೂ ನೋಡದಂತಿದ್ದಳು.

ಮರುದಿನ ಅವನು ಎರಡು ಗದ್ದೆಗಳ ನಡುವೆ ಮಣ್ಣಿನ ಚೀಲ ಪೇರಿಸಿ ಕಾಲುವೆ ಮುಚ್ಚಿದ. ಅವಳ ಗದ್ದೆಯಲ್ಲಿ ನೀರು ಕದಲದೆ ನಿಂತಿತು. ಬಿಸಿಲಿಗೆ ಅದು ಇಳಿದಷ್ಟೂ ಉಪ್ಪು ಗಟ್ಟಿಯಾಯಿತು. ಎಲೆಗಳು ಹಳದಿಯಾಗತೊಡಗಿದಾಗ ಅವಳು ಗುದ್ದಲಿ ಹಿಡಿದು ಓಡಿದಳು. ಚೀಲಗಳ ಮೇಲೆ ತಮ್ಮನ ಹೆಂಡತಿ ಕೂತಿದ್ದಳು, ತುಂಬು ಬಸುರಿ.

"ಒಡೀರಿ ಅತ್ತಿಗೆ. ನಮ್ದು ಹೇಗೂ ಹೋಯ್ತು. ನಾನು ಮಾತ್ರ ಏಳಲ್ಲ."

"ನಾನೇನು ತಿನ್ಲಿ?"

"ನಾವೇನು ತಿನ್ಬೇಕು, ಹೇಳಿ."

ಉಪ್ಪಕ್ಕ ಗುದ್ದಲಿ ಎತ್ತಿಕೊಂಡು ಹಳ್ಳದ ಕಡೆ ನಡೆದಳು. ನೀರು ನೇರ ಹಳ್ಳಕ್ಕೆ ಹರಿಯಲೆಂದು, ಹೂಳು ತುಂಬಿದ ಕಡೆಯಲ್ಲಿ ಇಳಿದು ಒಬ್ಬಳೇ ತೋಡತೊಡಗಿದಳು. ಯಂತ್ರ ಇಳಿಸಿದರೆ ಯಂತ್ರವೇ ಹೂತುಹೋಗುವಂಥ ಕೆಸರು. ಬೆಳಗ್ಗೆ ತೋಡಿದ್ದು ಸಂಜೆಗೆ ಅರ್ಧ ಕುಸಿದಿರುತ್ತಿತ್ತು. ಅಂಗೈ ಬೊಬ್ಬೆಗಳು ಒಡೆದು, ಉಪ್ಪು ತಾಗಿ ಉರಿದು, ಅವಳು ಹಲ್ಲು ಕಚ್ಚಿ ಬೈಯುತ್ತಿದ್ದಳು—ನೆಲವನ್ನು, ಕಡಲನ್ನು, ಸತ್ತ ಗಂಡನನ್ನು.

ಕೆಲವು ದಿನಗಳ ಮೇಲೆ ಹಳ್ಳದ ಕಡೆಯಿಂದಲೂ ಗುದ್ದಲಿಯ ಸದ್ದು ಕೇಳಿಸಿತು. ತಮ್ಮ. ಅವನು ಆ ತುದಿಯಿಂದ, ಇವಳು ಈ ತುದಿಯಿಂದ ತೋಡುತ್ತಾ ಬಂದರು.

ಕಾಲುವೆ ಕೂಡುವ ಹೊತ್ತಿಗೆ ಅವಳ ಪೈರು ನಿಂತಲ್ಲೇ ಒಣಗಿತ್ತು. ತಮ್ಮ ಚೀಲಗಳನ್ನು ಎಳೆದು ಬಿಸಾಡಿದ. ಕಂದು ನೀರು ಭರ್ರನೆ ಹಳ್ಳಕ್ಕೆ ಇಳಿಯಿತು. ಇಬ್ಬರೂ ದಂಡೆಯ ಮೇಲೆ ನಿಂತು ನೋಡಿದರು. ಹಿಂದೆ ಎರಡು ಗದ್ದೆಗಳಲ್ಲೂ ಒಣಗಿದ ಪೈರು.

"ಬರೋ ವರ್ಷ ಬೀಜಕ್ಕೇನು ಮಾಡ್ತೀಯ?" ಎಂದ ತಮ್ಮ.

"ಗೊತ್ತಿಲ್ಲ ಕಣೋ. ನೀನು?"

ಅವನು ತನಗೂ ಗೊತ್ತಿಲ್ಲವೆಂಬಂತೆ ತಲೆಯಾಡಿಸಿದ. ಕೆಸರಾದ ಕಾಲುಗಳನ್ನು ತೊಳೆಯದೆಯೇ ಇಬ್ಬರೂ ಮನೆಯ ಕಡೆ ಹೊರಟರು.