ಹಾಸು ಕೆಚ್ಚಲು ಕೂತ ಬೆಳಿಗ್ಗೆ

ತಂಗಿಯ ಕಾಯಿಲೆಯ ಮೂಲ ಹುಡುಕುತ್ತಿದ್ದ ಡಾಕ್ಟರು ನನ್ನಿಂದ ಕೇಳಿದ್ದು ಎರಡು ಸಣ್ಣ ಕೊಳವೆ ರಕ್ತ. ನಾನು ಕೊಡಲಿಲ್ಲ. ಸೂಜಿಗೆ ಹೆದರಿ ಅಲ್ಲ, ಹೊಟ್ಟೆಕಿಚ್ಚಿಗೆ ಕೊಡಲಿಲ್ಲ. ಹನ್ನೊಂದು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ನನ್ನ ತವರು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ನಡುಮನೆಯಲ್ಲಿ ಗುಂಡಿ ಮಗ್ಗ, ಅದರಾಚೆ ಅಡುಗೆ ಒಲೆ. ನಾವಿಬ್ಬರೇ ಹೆಣ್ಣುಮಕ್ಕಳು, ನಡುವೆ ಆರು ವರ್ಷದ ಅಂತರ. ನಾನು ಏಳನೇ ಕ್ಲಾಸಿನ ಪರೀಕ್ಷೆ ಬರೆದು ಮುಗಿಸಿದ ಬೇಸಿಗೆಯಲ್ಲಿ ಏಳು ವರ್ಷದ ತಂಗಿ ಚೊಂಬುಗಟ್ಟಲೆ ನೀರು ಕುಡಿಯಲು ಶುರು ಮಾಡಿದಳು. ಹಾಸಿಗೆ ಒದ್ದೆ ಮಾಡುತ್ತಿದ್ದಳು. ಲಂಗ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದಳು. ಬಿಸಿಲಿನ ಕಾವು ಇರಬೇಕೆಂದು ಅವ್ವ ನಿಂಬೆ ಶರಬತ್ತು ಮಾಡಿಸಿ ಕುಡಿಸಿದಳು. ಸಕ್ಕರೆ ಕದಡಿದವಳು ನಾನೇ. ವಾರದೊಳಗೆ ಅವಳು ಏದುಸಿರು ಬಿಡುತ್ತಾ ಎಚ್ಚರ ತಪ್ಪಿದಳು. ಅಪ್ಪ ಎತ್ತಿಕೊಂಡು ದೂರದ ದೊಡ್ಡ ಆಸ್ಪತ್ರೆಗೆ ಓಡಿದರು. ಅಲ್ಲಿ ಹೇಳಿದ್ದು ಸಕ್ಕರೆ ಕಾಯಿಲೆ ಅಂತ. ದಿನಾ ಇನ್ಸುಲಿನ್ ಚುಚ್ಚಬೇಕು, ಬದುಕಿರುವವರೆಗೂ.

ಆಮೇಲೆ ಮನೆ ಅವಳ ಸುತ್ತ ತಿರುಗತೊಡಗಿತು. ಫ್ರಿಜ್ ಇರಲಿಲ್ಲ. ಮಗ್ಗದ ಗುಂಡಿ ಸದಾ ತಂಪಾಗಿರುತ್ತದೆಂದು ಅಪ್ಪ ಅದರ ಮೂಲೆಯಲ್ಲಿ ಒದ್ದೆ ಮರಳಿನ ಮಡಕೆಯಿಟ್ಟು ಅದರೊಳಗೆ ಔಷಧಿಯ ಸೀಸೆ ಇಟ್ಟರು. ಮರಳಿಗೆ ನೀರು ಚಿಮುಕಿಸುವುದು ನನ್ನ ಪಾಲಿಗೆ ಬಂತು. ಅವಳಿಗೆ ದಿನಾ ಮೊಟ್ಟೆ. ಕಾಲಿಗೆ ಗಾಯ ಆಗಬಾರದೆಂದು ಹೊಸ ಚಪ್ಪಲಿ. ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಅವ್ವ ಬೇಕು, ಅವ್ವ ಹೋದರೆ ರಾಟೆಯಲ್ಲಿ ನೂಲು ಸುತ್ತಲು ಯಾರಾದರೂ ಬೇಕು. ಹಾಗೆ ನನ್ನ ಶಾಲೆ ಏಳಕ್ಕೇ ನಿಂತಿತು. ಅವಳದು ನಡೆಯಿತು.

ಊಟಕ್ಕೆ ಮುಂಚೆ ಅವಳ ಬೆರಳು ಚುಚ್ಚಿ, ರಕ್ತದ ಹನಿಯನ್ನು ಒಂದು ಪಟ್ಟಿಗೆ ತಾಗಿಸಿ ಮೀಟರಿನಲ್ಲಿ ನೋಡುತ್ತಿದ್ದರು. ಅಪ್ಪ ಲಾಳಿ ನಿಲ್ಲಿಸಿ, "ಎಷ್ಟೈತೆ?" ಅಂತ ಕೇಳುವರು. ಅವ್ವ ಸಂಖ್ಯೆ ಹೇಳುವಳು. ಪಕ್ಕದ ಮನೆ ಅತ್ತೆ ಕೂಡ ಬಾಗಿಲಲ್ಲೇ ನಿಂತು ಕೇಳಿಕೊಂಡು ಹೋಗುವಳು. ಒಂದು ದಿನ ಎಲ್ಲರೂ ಹಿತ್ತಲಲ್ಲಿದ್ದಾಗ ನಾನೇ ನನ್ನ ಬೆರಳು ಚುಚ್ಚಿಕೊಂಡೆ. ಸಂಖ್ಯೆ ಜಾಸ್ತಿ ಬರಲಿ ಅಂತ ಮನಸ್ಸಿನಲ್ಲಿ ಬೇಡಿಕೊಂಡಿದ್ದೆ. ಕಾಯಿಲೆ ಏನೂ ಇಲ್ಲದವಳ ಸಂಖ್ಯೆ ಬಂತು. ಅವ್ವ ನೋಡಿಬಿಟ್ಟಳು.

"ಏನೇ, ಅದೇನ್ ಆಟದ ಸಾಮಾನಾ? ಆ ಪಟ್ಟಿ ಹುಡುಕ್ಕೊಂಡು ಚಳ್ಳಕೆರೆಗೆ ಹೋಗ್ಬೇಕು ಗೊತ್ತೈತಾ?"

ನನಗೆಷ್ಟು ಬಂತು ಅಂತ ಅವಳು ಕೇಳಲಿಲ್ಲ.

ತಂಗಿಗೆ ಹತ್ತು ವರ್ಷವಾದಾಗ, ನನಗೆ ಹದಿನಾರು, ಆಸ್ಪತ್ರೆಗೆ ನಾನೂ ಒಮ್ಮೆ ಹೋಗಿದ್ದೆ. ಅಲ್ಲಿ ಒಬ್ಬ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು. ರಕ್ತದಲ್ಲಿ ಮೈ ಕಾಯುವ ಬಿಳಿ ಕಣಗಳಿರುತ್ತವೆ, ಹೊರಗಿಂದ ಬಂದ ರೋಗವನ್ನು ಹೊಡೆಯುವುದು ಅವುಗಳ ಕೆಲಸ. ಇವಳ ಮೈಯಲ್ಲಿ ಅವೇ ತಿರುಗಿಬಿದ್ದು ಇನ್ಸುಲಿನ್ ಮಾಡುವ ಜಾಗವನ್ನು ಹಾಳು ಮಾಡಿವೆ. ಅವು ಯಾಕೆ ತಿರುಗಿಬಿದ್ದವೆಂದು ತಿಳಿಯಬೇಕಾದರೆ ಆ ಕಣಗಳೊಳಗಿನ ಜೀನುಗಳನ್ನು ನೋಡಬೇಕು.

"ಅಕ್ಕ ತಂಗಿಗೆ ಎಷ್ಟೋ ಜೀನುಗಳು ಒಂದೇ ಇರ್ತವೆ. ಆದರೆ ಇರೋದು ಬೇರೆ, ಕೆಲಸ ಮಾಡೋದು ಬೇರೆ. ಒಬ್ಬರಲ್ಲಿ ಕೆಲವು ಜೋರಾಗಿ ನಡೀತಿರ್ತವೆ, ಇನ್ನೊಬ್ಬರಲ್ಲಿ ಅವೇ ಸುಮ್ಮನಿರ್ತವೆ," ಎಂದರು.

ಅವ್ವನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಮಗ್ಗದ ಹಾಸಿನಲ್ಲಿ, ಅಂದರೆ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಸಾವಿರಾರು ಎಳೆ ಇರುತ್ತವೆ. ಸೀರೆಯಲ್ಲಿ ಹೂವು ಬೀಳುವುದು ಯಾವ ಎಳೆ ಮೇಲೆದ್ದಿತು, ಯಾವುದು ಕೆಳಗುಳಿಯಿತು ಅನ್ನುವುದರಿಂದ. ಒಂದೇ ನೂಲಿನಲ್ಲಿ ಎರಡು ಬೇರೆ ಸೀರೆ ಆಗುತ್ತವೆ. ಇದನ್ನು ಹೇಳಬೇಕೆನಿಸಿತು, ಆದರೆ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

"ಇದು ಔಷಧಿ ಅಲ್ಲಮ್ಮ. ಇವಳ ಕಾಯಿಲೆ ಇದರಿಂದ ಕಮ್ಮಿ ಆಗಲ್ಲ," ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. "ಆದರೆ ಒಡಹುಟ್ಟಿದವರ ರಕ್ತ ಜೊತೆಗಿಟ್ಟು ನೋಡಿದರೆ, ಯಾವ ಮಗುವಿಗೆ ಬರಬಹುದು ಅನ್ನೋದು ಮುಂಚೆಯೇ ತಿಳಿಯೋ ದಾರಿ ಸಿಗಬಹುದು. ಇಬ್ಬರದೂ ಒಂದೇ ದಿನ ಬೇಕು. ಕಣ ಜೀವಂತ ಇರುವಾಗಲೇ ನೋಡಬೇಕು."

ತಂಗಿ ಕುರ್ಚಿಯ ತುದಿಗೆ ಬಂದಳು. "ಹಂಗಾದ್ರೆ ಅಕ್ಕಂದು ತಗಳ್ರಿ. ನನ್ಗೆ ಬಂದಂಗೆ ಅಕ್ಕಂಗೆ ಬರ್ಬಾರ್ದು."

ಎಲ್ಲರೂ ಅವಳ ತಲೆ ಸವರಿದರು. ಎಷ್ಟು ಒಳ್ಳೆಯ ಮನಸ್ಸು ಅಂದರು. ರಕ್ತ ನನ್ನದು, ಹೊಗಳಿಕೆ ಅವಳಿಗೆ. ನನ್ನ ಓದು ಹೋಯಿತು, ಅವ್ವ ಇವಳ ಪಾಲಾದಳು, ಈಗ ಮೈಯೊಳಗಿನದೂ ಇವಳ ಲೆಕ್ಕಕ್ಕೇ ಹೋಗಬೇಕಾ ಅಂತ ನನ್ನ ಹೊಟ್ಟೆ ಉರಿಯಿತು. ಇನ್ನೂ ಒಂದಿತ್ತು. ನನ್ನ ಕಣಗಳೆಲ್ಲ ನೆಟ್ಟಗಿವೆ ಅಂತ ಅವರು ಬರೆದುಕೊಟ್ಟರೆ, ನನ್ನನ್ನು ಮತ್ತೆ ಯಾರೂ ಏನೂ ಕೇಳುವ ಕಾರಣವೇ ಇರುವುದಿಲ್ಲ ಅನ್ನಿಸಿತು.

ಮುಂದಿನ ಶುಕ್ರವಾರ ಬರಲು ಹೇಳಿದರು. ಆ ವಾರವೇ ನಮ್ಮ ಮಗ್ಗದ ಹಳೆಯ ಹಾಸು ಮುಗಿದಿತ್ತು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ತುದಿಗೆ ಬೆರಳಲ್ಲಿ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತೇವೆ. ಅವ್ವ ಸುಸ್ತಾದ ಮೇಲೆ ಆ ಕೆಲಸ ನನ್ನದೇ ಆಗಿತ್ತು. ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ಪೂಜೆ ಮಾಡಿ ಕೆಚ್ಚಲು ಕೂತ ಕೈ ಬದಲಾಗಬಾರದು, ಮುಗಿಯುವವರೆಗೆ ಆ ಕೈ ಹೊಸಿಲು ದಾಟಬಾರದು. ಕೈ ಬದಲಾದರೆ ಹೊಸೆತ ಬದಲಾಗುತ್ತದೆ, ಎಳೆ ಕಡಿಯುತ್ತದೆ. ಹಾಗೆಂದೇ ಅಪ್ಪ ಗುರುವಾರ ಹೇಳಿದ್ದರು, "ಕೆಚ್ಚೋದು ಸೋಮವಾರ ಇಟ್ಕೊಳ್ಳಣ. ನಾಳೆ ದೊಡ್ಡೋಳು ಆಸ್ಪತ್ರೆಗೆ ಹೋಗ್ಲಿ."

ಶುಕ್ರವಾರ ಬೆಳಿಗ್ಗೆ ಅಪ್ಪ ಹಾಲಿಗೆ ಹೋದಾಗ, ಅವ್ವ ತಂಗಿಗೆ ಜಡೆ ಹಾಕುತ್ತಿದ್ದಾಗ, ನಾನು ಹೊಸ ಹಾಸಿನ ಎಳೆಗಳಿಗೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಸವರಿಕೊಂಡು ಕೂತೆ. ಅಪ್ಪ ಬರುವ ಹೊತ್ತಿಗೆ ಒಂದು ಗೇಣಗಲ ಕೆಚ್ಚಿಯಾಗಿತ್ತು.

"ಏನೇ ಇದು? ಸೋಮವಾರ ಅಂದಿರ್ಲಿಲ್ವಾ?"

"ಮರ್ತೋಯ್ತು ಅಪ್ಪ."

"ಏಳು ಮ್ಯಾಕೆ," ಅಂದಳು ಅವ್ವ. ಅಪ್ಪ ತಡೆದರು. "ಕೂತಾಯ್ತಲ್ಲ, ಈಗ ಎಬ್ಬಿಸ್ತೀಯಾ? ನೀವಿಬ್ರೂ ಹೋಗ್ರಿ. ಇವ್ಳನ್ನ ಇನ್ನೊಂದಿನ ಕರ್ಸ್ಕೊಂತಾರೆ."

ತಂಗಿ ಹೊಸಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಹಳ ಹೊತ್ತು ನಿಂತಿದ್ದಳು. ನಾನು ತಲೆ ಎತ್ತಲಿಲ್ಲ. ಇನ್ನೊಂದು ದಿನ ಬರಲೇ ಇಲ್ಲ. ಆಸ್ಪತ್ರೆಯವರು ಬೇರೆ ಮನೆಗಳ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ನೋಡಿಕೊಂಡರು. ಆ ಹಾಸಿನ ಮೊದಲ ಸೀರೆ ಶುರು ಮಾಡುವಾಗ ನಾನು ಹೊಸೆದ ಎಳೆಗಳು ಒಂದೊಂದಾಗಿ ಕಡಿಯುತ್ತಿದ್ದವು. ಸಿಟ್ಟಿನಲ್ಲಿ ಹೊಸೆದ ಕೈ ಸಡಿಲವಾಗಿತ್ತು. "ಕೈ ಒಂದೇ ಐತೆ, ಆದ್ರೂ ಹಿಂಗ್ಯಾಕೆ?" ಅಂತ ಅಪ್ಪ ಗೊಣಗುತ್ತಲೇ ಗಂಟು ಹಾಕಿದರು.

ಕೆಲವು ವರ್ಷಗಳ ಮೇಲೆ ನನ್ನನ್ನು ಚಳ್ಳಕೆರೆಗೆ ಮದುವೆ ಮಾಡಿ ಕೊಟ್ಟರು. ಗಂಡ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ನಾಲ್ಕು ವರ್ಷದ ಮಗಳಿದ್ದಾಳೆ. ತಂಗಿ ಈಗ ಇಲ್ಲೇ ಕಾಲೇಜಿಗೆ ಬರುತ್ತಾಳೆ, ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಈ ಬೇಸಿಗೆಯಲ್ಲಿ ಮಗಳು ಒಂದು ದಿನ ನೀರಿನ ಚೊಂಬು ಎತ್ತಿ ಗಟಗಟ ಕುಡಿದು, ಮತ್ತೆ ಬೇಕೆಂದಳು. ಮಾರನೆಯ ದಿನವೂ ಹಾಗೇ. ಮೂರನೆಯ ದಿನ ಹಾಸಿಗೆ ಒದ್ದೆ. ತಂಗಿಗೂ ಹೀಗೇ ಶುರುವಾಗಿತ್ತು. ಕೊಡದೆ ಉಳಿಸಿಕೊಂಡ ರಕ್ತವನ್ನೇ ಇವಳಿಗೆ ದಾಟಿಸಿದ್ದೇನೆ ಅನ್ನಿಸಿತು. ಆ ರಕ್ತದಲ್ಲಿ ಏನಿತ್ತೆಂದು ನೋಡಿಸಬಹುದಾಗಿದ್ದ ಒಂದೇ ಬೆಳಿಗ್ಗೆಯನ್ನು ಊದುಬತ್ತಿ ಹಚ್ಚಿ ಕಳೆದಿದ್ದೆ.

ತಂಗಿ ಊಟಕ್ಕೆ ಬಂದಾಗ ನಾನು ಅಳುತ್ತಿದ್ದೆ. ಅವಳು ಮಗುವಿನ ವಿಷಯ ಕೇಳಿಸಿಕೊಂಡು, ಬ್ಯಾಗಿನಿಂದ ಮೀಟರ್ ತೆಗೆದಳು. ಮಗು ಅವಿತುಕೊಂಡಿತು.

"ನೋಡಿಲ್ಲಿ, ಮೊದ್ಲು ನಂದು," ಎಂದು ತಂಗಿ ತನ್ನ ಬೆರಳು ಚುಚ್ಚಿಕೊಂಡಳು. "ಇರುವೆ ಕಚ್ದಂಗೆ, ಅಷ್ಟೇ."

"ಅವ್ವ ಬ್ಯಾಡ, ಚಿಕ್ಕಮ್ಮನೇ ಮಾಡ್ಲಿ," ಎಂದು ಮಗಳು ಅವಳ ತೊಡೆ ಏರಿದಳು. ಅಂಥ ಹೊತ್ತಿನಲ್ಲೂ ನನ್ನೊಳಗೆ ಏನೋ ಚುರುಕ್ ಅಂದಿತು. ಇದೂ ಅವಳಿಗೇ ಹೋಯಿತಲ್ಲ ಅಂತ. ನಾಚಿಕೆಯೂ ಆಯಿತು.

ಸಂಖ್ಯೆ ಬಂತು. ನೂರರೊಳಗೇ ಇತ್ತು.

"ಏನಿಲ್ಲ ಕಣಕ್ಕ, ಬಿಸಿಲಿಗೆ ಕುಡಿದೈತೆ. ಡಾಕ್ಟ್ರಿಗೂ ಒಂದ್ಸಲ ತೋರ್ಸಣ," ಎಂದು ನಕ್ಕಳು. ಆಮೇಲೆ ನನ್ನ ಕೈ ಎಳೆದು ನನ್ನ ಬೆರಳನ್ನೂ ಚುಚ್ಚಿದಳು. ನಾನು ಕೇಳಿರಲಿಲ್ಲ. ಮೀಟರ್ ನೋಡಿ, "ನಿಂದೂ ಚೆನ್ನಾಗೈತೆ," ಅಂದಳು. ಇಷ್ಟು ವರ್ಷದಲ್ಲಿ ನನ್ನ ಸಂಖ್ಯೆಯನ್ನು ಯಾರಾದರೂ ನೋಡಿ ಹೇಳಿದ್ದು ಅದೇ ಮೊದಲು.

ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ.

"ಆ ಶುಕ್ರವಾರ ನಾನು ಮರ್ತಿರ್ಲಿಲ್ಲ ಕಣೇ," ಎಂದೆ.

ಅವಳು ಸೂಜಿ ಮುಚ್ಚುತ್ತಿದ್ದ ಕೈ ನಿಲ್ಲಿಸಿದಳು. "ಗೊತ್ತು. ನೀನು ಕುಂಕುಮ ಇಡೋದು ಕನ್ನಡೀಲಿ ಕಾಣ್ತಿತ್ತು. ಅವ್ವ ಜಡೆ ಹಾಕ್ತಿದ್ಳು, ನಾನು ಸುಮ್ನಿದ್ದೆ."

"ಆಗ್ಲೇ ಹೇಳಿದ್ರೆ ನನ್ನ ತಡೀತಿದ್ರಲ್ಲ?"

"ನಿಂಗೆ ಇಷ್ಟ ಇಲ್ಲ ಅನ್ಕಂಡೆ. ಆದ್ರೆ ದಾರಿ ಪೂರಾ ಅಳ್ತಾನೇ ಹೋದೆ ಅಕ್ಕ. ನಿಂಗೂ ಬಂದ್ಬಿಟ್ರೆ ಅಂತ."

ಮಗಳು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದಳು. ನಾನು ಅವಳ ಮುಂದೆಯೇ, ತಂಗಿಯ ಕೈ ಹಿಡಿದು, ಗಟ್ಟಿಯಾಗಿ ಹೇಳಿದೆ:

"ಬೇಕಂತಲೇ ಕೂತೆ. ನಿನ್ ಮ್ಯಾಲೆ ಹೊಟ್ಟೆಕಿಚ್ಚಿಗೆ ಕೂತೆ. ತಪ್ಪಾಯ್ತು ಕಣೇ, ನನ್ನ ಕ್ಷಮಿಸು."