ಬಲಗಿವಿಯಲ್ಲಿ ಗುರಣ್ಣ

ಕಳೆದ ಕೆಲವು ವಾರ ನನ್ನ ಬಲಗಿವಿಯಲ್ಲಿ ತೀರಿಹೋದವರೊಬ್ಬರು ಮಾತಾಡುತ್ತಿದ್ದರು. ಇದನ್ನು ಇಷ್ಟಕ್ಕೇ ನಿಲ್ಲಿಸಿದರೆ ನೀವು ಮೊದಲು ನನ್ನ ವಯಸ್ಸು ಕೇಳುತ್ತೀರಿ, ಆಮೇಲೆ ನನ್ನ ಹೆಂಡತಿಯ ಫೋನ್ ನಂಬರು ಕೇಳುತ್ತೀರಿ. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಹೇಳಿಬಿಡುವುದು ಕ್ಷೇಮ. ತಪ್ಪೆಲ್ಲ ಕಂಪ್ಯೂಟರಿನದು, ಇಲ್ಲವೇ ಅದರ ಎದುರಿಗೆ ಕೂತವನದು. ನಮ್ಮಿಬ್ಬರ ನಡುವೆ ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಗುರಣ್ಣ ಅಂದರೆ ಘಾಟ್ಕೋಪರಿನ ನಮ್ಮ ಕನ್ನಡ ನಾಟಕ ಮಂಡಳಿಯ ಪ್ರಾಂಪ್ಟರ್. ಪಕ್ಕದ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವವರು. ಊರ ಕಡೆಯ ನಾಟಕಗಳಲ್ಲಿ ಪ್ರಾಂಪ್ಟರ್ ಒಬ್ಬ ಆಪದ್ಬಾಂಧವ. ಮುಂಬಯಿಯ ಕನ್ನಡ ನಾಟಕದಲ್ಲಿ ಮಾತ್ರ ಅವನೇ ಪ್ರಾಣವಾಯು. ಏಕೆಂದರೆ ಇಲ್ಲಿ ಯಾರಿಗೂ ಮಾತು ಬಾಯಿಪಾಠವಾಗಿರುವುದಿಲ್ಲ. ನಮ್ಮ ರಾಜ ಕುರ್ಲಾದಿಂದ ಬರುವಾಗ ಲೋಕಲ್‌ನಲ್ಲಿ ನೇತಾಡುತ್ತ ಮಾತು ಉರುಹೊಡೆಯುತ್ತಿದ್ದ. ಸ್ಟೇಷನ್ನಿನ ನೂಕಾಟದಲ್ಲಿ ಅರ್ಧ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು. ರಾಣಿಯಾದವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಮಂತ್ರಿಯ ಪಾತ್ರ ಮಾಡಿದವನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಆ ಮಂತ್ರಿ ನಾನೇ. ಹೀಗಾಗಿ ಪ್ರತಿಯೊಂದು ಮಾತನ್ನೂ ಮೊದಲು ಗುರಣ್ಣ ಆಡಬೇಕು, ಆಮೇಲೆ ನಾವು ಅದನ್ನು ಜೋರಾಗಿ ಆಡಬೇಕು. ಸಭಿಕರು ಚಪ್ಪಾಳೆ ತಟ್ಟುತ್ತಿದ್ದುದು ನಮಗೆ.

ಗುರಣ್ಣ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಹೆಂಡತಿ, ನಮಗೆಲ್ಲ ಅತ್ತಿಗೆಯಂತಿರುವ ಸುಶೀಲಾ ವೈನಿ, ಜೋಗೇಶ್ವರಿಯಲ್ಲಿ ಒಬ್ಬರೇ ಇದ್ದಾರೆ. ಒಂದು ದಿನ ನೋಡಲು ಹೋದಾಗ ಚಹದ ಕಪ್ಪು ಕೈಗಿಟ್ಟು ಕೇಳಿದರು.

"ಶ್ರೀಪಾದಾ, ನಿಮ್ಮ ಹಳೇ ನಾಟಕದ್ದು ಕ್ಯಾಸೆಟ್ ನಿನ್ನ ಹತ್ರ ಅದ ಅಲ್ಲಾ? ಕಡೀಕ ಅವ್ರನ್ನ ಸ್ಟೇಜ್ ಮ್ಯಾಲೆ ಕರದು ಹಾರ ಹಾಕಿದ್ರಂತ. ಅವ್ರು ಸ್ಟೇಜ್ ಹತ್ತಿದ್ದು ಅದೊಂದ ಸಲ. ಆವತ್ತು ನನಗ ಜ್ವರ ಬಂದಿತ್ತು. ನಾ ನೋಡಲೇ ಇಲ್ಲ."

"ಫೋನಿಗೆ ಹಾಕಿ ಕೊಡ್ತೀನಿ ವೈನಿ."

"ಫೋನ್ ಬ್ಯಾಡಪ್ಪಾ. ಅದರಾಗ ಮಂದಿ ಇರಿವಿ ಕಂಡಂಗ ಕಾಣ್ತಾರ. ಟೀವಿ ಕೆಳಗ ಡಿವಿಡಿ ಮಷೀನ್ ಅದ. ಅವ್ರ ತಂದದ್ದು. ಅದರಾಗ ಹಚ್ಚೂವಂಗ ಮಾಡಿ ಕೊಡು. ವರ್ಷಾಂತಿಕದೊಳಗ ಒಮ್ಮೆ ನೋಡಬೇಕು."

ಇಷ್ಟು ಸಣ್ಣ ಕೆಲಸಕ್ಕೆ ಹೂಂ ಅನ್ನದೆ ಇರುವುದು ಹೇಗೆ? ನಾನು ಹೂಂ ಅಂದೆ. ಆ ಹೂಂಕಾರದ ಬೆಲೆ ಏನೆಂದು ಆಗ ಗೊತ್ತಿರಲಿಲ್ಲ.

ಕ್ಯಾಸೆಟ್ಟನ್ನು ಕಂಪ್ಯೂಟರಿನ ಫೈಲು ಮಾಡಿಕೊಡುವ ಅಂಗಡಿ ಬಾಂದ್ರಾದಲ್ಲಿ ಸಿಕ್ಕಿತು. ಖಾಲಿ ಡಿವಿಡಿಗಾಗಿ ನಮ್ಮ ಸ್ಟೇಷನ್ನಿನ ಹೊರಗೆ ಕೇಳಿದರೆ ಅಂಗಡಿಯವನು "ಅಂಕಲ್, ಕೌನ್ ಸೇ ಝಮಾನೇ ಮೇ ಹೋ?" ಎಂದು, ಯಾವ ಕಾಲದಲ್ಲಿದ್ದೀರಿ ಅಂತ ನಕ್ಕ. ಆದರೂ ಎಲ್ಲೋ ಒಳಗಿನಿಂದ ಧೂಳು ಹಿಡಿದ ಕಟ್ಟೊಂದನ್ನು ತೆಗೆದುಕೊಟ್ಟ. ಇನ್ನೇನು, ಭಾಷಣಗಳನ್ನು ಕತ್ತರಿಸುವುದು, ಕ್ಯಾಮೆರಾ ಬಿದ್ದು ನೆಲವನ್ನೇ ತೋರಿಸಿದ ಭಾಗವನ್ನು ಕಿತ್ತುಹಾಕುವುದು, ಡಿವಿಡಿಗೆ ಇಳಿಸುವುದು. ತರಕಾರಿ ಹೆಚ್ಚುವವನಿಗೆ ಇದೇನು ದೊಡ್ಡದು ಅಂದುಕೊಂಡೆ.

ಎಡಿಟಿಂಗ್ ಸಾಫ್ಟ್‌ವೇರ್ ಎಂಬುದನ್ನು ನೀವು ತೆರೆದು ನೋಡಿದ್ದೀರೋ ಇಲ್ಲವೋ. ಅದರ ಮುಖದ ತುಂಬ ಗುಂಡಿಗಳು. ಒಂದೊಂದು ಗುಂಡಿಯ ಕೆಳಗೆ ಒಂದೊಂದು ಪಾತಾಳ. ನಾನು ಭಾಷಣ ಕತ್ತರಿಸಿದರೆ ರಾಜನ ಪ್ರವೇಶವೂ ಮಾಯವಾಯಿತು. ಫೈಲನ್ನು ಅಚ್ಚುಕಟ್ಟಾಗಿರಲಿ ಎಂದು ಬೇರೆ ಫೋಲ್ಡರಿಗೆ ಸರಿಸಿದ್ದೇ ತಡ, ಇಡೀ ನಾಟಕ ಕೆಂಪು ಪರದೆಯಾಗಿ ನಿಂತಿತು. ನನ್ನ ಫೈಲು ನನಗೇ ಕಳೆದುಹೋಯಿತು. ಮೊದಲ ಡಿಸ್ಕು ಸುಟ್ಟು (ಡಿವಿಡಿಯನ್ನು ಬರೆಯುವುದಿಲ್ಲ, ಸುಡುತ್ತಾರೆ, ಈ ಪದ ಯಾಕೆಂದು ಆಮೇಲೆ ತಿಳಿಯಿತು) ಪಕ್ಕದ ಬಿಲ್ಡಿಂಗಿನವರ ಪ್ಲೇಯರಿಗೆ ಹಾಕಿದರೆ ಅದು ಡಿಸ್ಕನ್ನು ಉಗುಳಿತು. ನಾನು ಸುಟ್ಟದ್ದು ನಾಟಕವನ್ನಲ್ಲ, ನಾಟಕವನ್ನು ಎಲ್ಲೆಲ್ಲಿ ಕತ್ತರಿಸಬೇಕು ಎಂದು ಕಂಪ್ಯೂಟರು ಬರೆದಿಟ್ಟುಕೊಂಡ ಟಿಪ್ಪಣಿಯನ್ನು. ಎರಡನೆಯದರಲ್ಲಿ ನಾಟಕವೇನೋ ಇತ್ತು, ಆದರೆ ಕಂಪ್ಯೂಟರಿಗೆ ಮಾತ್ರ ತಿಳಿಯುವ ರೂಪದಲ್ಲಿ. ನನ್ನ ಹೆಂಡತಿ ನಳಿನಿ ಹಾಳಾದ ಡಿಸ್ಕುಗಳನ್ನು ದಾರಕ್ಕೆ ಪೋಣಿಸಿ ಪಾರಿವಾಳ ಓಡಿಸಲು ಬಾಲ್ಕನಿಗೆ ಕಟ್ಟಿದಳು. "ಇದಕ್ಕರ ಉಪಯೋಗ ಆತಲ್ಲ ಬಿಡ್ರಿ" ಅಂದಳು.

ಇಷ್ಟೇ ಆಗಿದ್ದರೆ ಇದು ನಗುವ ಕತೆಯಾಗಿರುತ್ತಿತ್ತು. ಆದರೆ ಒಂದು ಮಧ್ಯಾಹ್ನ, ನಳಿನಿ ತರಕಾರಿ ತರಲು ಹೋಗಿದ್ದಾಗ, ಪಕ್ಕದ ಮನೆಯ ಕುಕ್ಕರ್ ಸದ್ದು ಬಾರದಿರಲಿ ಎಂದು ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡೆ.

ಪರದೆಯ ಮೇಲೆ ರಾಜ ಸಿಂಹಾಸನದಲ್ಲಿ ಕೂತಿದ್ದ. ಬಾಯಿ ಮುಚ್ಚಿತ್ತು. ನನ್ನ ಬಲಗಿವಿಯಲ್ಲಿ, ಹಿಂದಿನಿಂದ ಯಾರೋ ಬಗ್ಗಿ ಹೇಳಿದ ಹಾಗೆ, "ಯಾರಲ್ಲಿ" ಎಂದು ಪಿಸುಮಾತು ಬಂತು. ನಾನು ಕುರ್ಚಿಯಿಂದ ಎದ್ದೇ ನಿಂತೆ. ಹಿಂದೆ ಯಾರೂ ಇರಲಿಲ್ಲ. ಆಮೇಲೆ ರಾಜ ಬಾಯಿ ತೆರೆದು "ಯಾರಲ್ಲಿ!" ಎಂದು ಗರ್ಜಿಸಿದ.

ಗುರಣ್ಣನ ದನಿ. ವಿಡಿಯೋ ತೆಗೆದವನು ಎರಡು ಮೈಕು ತಂದಿದ್ದ; ಒಂದನ್ನು ರಂಗದ ಮುಂದೆ ತೂಗುಹಾಕಿ, ಹತ್ತಿರದ ಸದ್ದನ್ನಷ್ಟೇ ಹಿಡಿಯುವ ಇನ್ನೊಂದನ್ನು ಕಾಲಿಗೆ ತೊಡರದಿರಲಿ ಎಂದು ಪಕ್ಕದ ಪರದೆಗೆ ಕಟ್ಟಿದ್ದ. ಅದೇ ಪರದೆಯ ಮರೆಯಲ್ಲಿ ಗುರಣ್ಣ ನಿಂತಿದ್ದರು. ಟೀವಿಯಲ್ಲಿ ಎರಡೂ ಕಲಸಿಹೋಗಿ ಯಾರ ಗಮನಕ್ಕೂ ಬಂದಿರಲಿಲ್ಲ.

ಪುರಾಣದಲ್ಲಿ ಅಶರೀರವಾಣಿ ಎಂಬುದು ಬರುತ್ತದೆ. ಆದರೆ ಅದು ಮರ್ಯಾದಸ್ಥ ದನಿ. ಆಕಾಶದಿಂದ, ಎಲ್ಲರಿಗೂ ಕೇಳುವ ಹಾಗೆ, ಒಂದೇ ಸಲ ಹೇಳಿ ಹೊರಟುಹೋಗುತ್ತದೆ. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ ಅಶರೀರವಾಣಿಯ ಬಗ್ಗೆ ನಾನಂತೂ ಕೇಳಿಲ್ಲ. ಈ ದನಿಯ ನಿಜವಾದ ಭಯ ಬೇರೆಯದೇ: ಅದಕ್ಕೆ ಮುಂದಾಗುವುದೆಲ್ಲ ಮೊದಲೇ ಗೊತ್ತಿತ್ತು. ದನಿ "ಅಯ್ಯೋ" ಅನ್ನುತ್ತಿತ್ತು, ಆಮೇಲೆ ರಾಣಿ ಎದೆ ಹಿಡಿದುಕೊಳ್ಳುತ್ತಿದ್ದಳು. ದನಿ ಸಾಯಲು ಹೇಳುತ್ತಿತ್ತು, ಸೇನಾಪತಿ ಸಾಯುತ್ತಿದ್ದ. ಬದುಕಿರುವವರೆಲ್ಲ ತೀರಿಹೋದವರೊಬ್ಬರ ಅಪ್ಪಣೆಗೆ ಕಾಯುತ್ತಿದ್ದ ಹಾಗೆ ಕಾಣುತ್ತಿತ್ತು.

ಇದನ್ನು ವೈನಿಗೆ ಕೇಳಿಸುವುದು ಹೇಗೆ? ಬೇರೆಯವರ ಗಮನಕ್ಕೆ ಬಾರದ ದನಿ ಹೆಂಡತಿಯ ಕಿವಿಗೆ ತಪ್ಪೀತೇ? ಒಂಟಿ ಮನೆ, ಎದೆ ಗಟ್ಟಿಯಿಲ್ಲದ ಜೀವ. ಗಂಡನನ್ನು ನೋಡಲು ಕೂತವರ ಕಿವಿಗೆ ಗಂಡನ ಪಿಸುಮಾತು ಬಿದ್ದರೆ ಏನಾದೀತು? ಆ ದನಿಯನ್ನು ತೆಗೆದೇಬಿಡಬೇಕು ಎಂದು ತೀರ್ಮಾನಿಸಿದೆ. ಸಾಫ್ಟ್‌ವೇರಿನಲ್ಲಿ ಎಡ ಬಲ ಬೇರೆ ಬೇರೆ ಮಾಡುವ ಗುಂಡಿಯೊಂದು ಇತ್ತು. ಕೆಲವು ವಾರ ಹುಡುಕಿ ಹುಡುಕಿ, ನಳಿನಿ ಮತ್ತೆ ಹೊರಗೆ ಹೋಗಿದ್ದ ಒಂದು ದಿನ ಅದನ್ನು ಹಿಡಿದೆ. ದನಿ ಬಲಗಿವಿಯಲ್ಲಿದೆ, ಬಲವನ್ನು ಅಳಿಸಬೇಕು, ಅಷ್ಟೆ. ಮೌಸಿನ ಮೇಲೆ ಬೆರಳಿಟ್ಟೆ.

"ಶ್ರೀಪಾದಾ, ಅವಸರ ಮಾಡಬ್ಯಾಡ" ಎಂದಿತು ಬಲಗಿವಿ.

ಪರದೆಯ ಮೇಲೆ, ಕರಿ ಮೀಸೆ ಅಂಟಿಸಿಕೊಂಡ ನಾನು, ರಾಜನ ಮಾತು ಮುಗಿಯುವ ಮೊದಲೇ ನುಗ್ಗಿ ಬರುತ್ತಿದ್ದೆ. ಗುರಣ್ಣ ತಡೆದದ್ದು ಆ ಮಂತ್ರಿಯನ್ನು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು ಆ ದಿನ ಕಂಪ್ಯೂಟರ್ ಮುಚ್ಚಿ, ನಳಿನಿ ಬರುವ ತನಕ ಬಿಲ್ಡಿಂಗಿನ ಗೇಟಿನ ಹತ್ತಿರ ವಾಚ್‌ಮನ್ ಜೊತೆ ನಿಂತಿದ್ದೆ.

ಮರುದಿನ ದೇವರಿಗೆ ಕೈಮುಗಿದು ಬಲವನ್ನು ಅಳಿಸಿದೆ. ಡಿಸ್ಕು ಸುಟ್ಟೆ. ಕೆಲಸ ಎಷ್ಟಾಯಿತೆಂದು ತೋರಿಸುವ ನೀಲಿ ಪಟ್ಟಿ ಕೊನೆಯ ಕೂದಲೆಳೆಯಷ್ಟು ಜಾಗದಲ್ಲಿ ನಿಂತು ಊಟದ ಹೊತ್ತು ಕಳೆದ ಮೇಲೆ ದಾಟಿತು. ಈ ಸಲ ಪಕ್ಕದವರ ಪ್ಲೇಯರು ಉಗುಳಲಿಲ್ಲ. ಸಾಫ್ಟ್‌ವೇರು ತಾನೇ ಇಟ್ಟ ಕುಣಿತದ ಸಂಗೀತದೊಂದಿಗೆ ನಾಟಕದ ಹೆಸರು ಮೂಡಿತು. ಅಷ್ಟು ಕಂಡದ್ದೇ ಸಾಕೆಂದು, ಮುಂದೆ ನೋಡಿದರೆ ಎಲ್ಲಿ ಕೆಡುವುದೋ ಎಂದು ಹೆದರಿ, ಡಿಸ್ಕನ್ನು ತೆಗೆದು ಜೋಗೇಶ್ವರಿಗೆ ಹೊರಟೆ.

ವೈನಿ ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದರು. ನಾಟಕಕ್ಕೆ ಹೊರಟವರ ಹಾಗೆಯೇ. ಪ್ಲೇಯರು ಡಿಸ್ಕನ್ನು ನುಂಗಿತು. ಕುಣಿತದ ಸಂಗೀತ ಮುಗಿಯಿತು. ಪರದೆ ಸರಿಯಿತು. ರಾಜ ಎದ್ದು ನಿಂತು, ಕೈ ಎತ್ತಿ, ಕತ್ತಿನ ನರ ಉಬ್ಬಿಸಿ ಬಾಯಿ ತೆರೆದ.

ಏನೂ ಕೇಳಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ, ಮೆತ್ತಗೆ, "ಯಾರಲ್ಲಿ" ಎಂಬ ಪಿಸುಮಾತು ಮಾತ್ರ ಕೋಣೆಯ ತುಂಬ ಹರಡಿತ್ತು.

ಆಗ ನನಗೆ ಹೊಳೆಯಿತು. ಹೆಡ್‌ಫೋನಿನ ಎಡ ಬಲದ ಗುರುತು ಯಾವತ್ತೋ ಅಳಿಸಿಹೋಗಿತ್ತು. ನಾನು ಅದನ್ನು ತಿರುಗುಮುರುಗಾಗಿ ಹಾಕಿಕೊಂಡಿದ್ದೆ. ಇಷ್ಟು ದಿನ ಅಳಿಸಲು ಒದ್ದಾಡಿದ ದನಿಯೊಂದನ್ನೇ ಉಳಿಸಿ, ಉಳಿದವರೆಲ್ಲರ ದನಿಯನ್ನೂ ಅಳಿಸಿಹಾಕಿದ್ದೆ. ರಾಜ, ರಾಣಿ, ಸೇನಾಪತಿ, ಮೀಸೆಯ ಮಂತ್ರಿ, ಎಲ್ಲರೂ ಮೂಕರಾಗಿ ಬಾಯಿ ಆಡಿಸುತ್ತಿದ್ದರು. ಎಲ್ಲರ ಮಾತನ್ನೂ ಒಬ್ಬರೇ ಆಡುತ್ತಿದ್ದರು.

ಪ್ಲೇಯರ್ ಕಡೆ ಧಾವಿಸಿದೆ. "ವೈನಿ, ತಪ್ಪಾಗೇದ, ಬಂದ್ ಮಾಡ್ತೀನಿ."

ವೈನಿ ನನ್ನ ಅಂಗಿಯ ತೋಳು ಹಿಡಿದರು. ಮುಖ ಬಿಳುಚಿತ್ತು, ಕೈ ಮಾತ್ರ ಬಿಗಿಯಾಗಿತ್ತು.

"ಕೂಡು" ಅಂದರು.

ಕೂತೆ. ನಾಟಕ ನಡೆಯಿತು. ಮೊದಲು ಇಬ್ಬರಿಗೂ ಮೈ ಜುಮ್ಮೆಂದಿತ್ತು. ರಾಣಿ ಎದೆ ಹಿಡಿದುಕೊಂಡು ಗುರಣ್ಣನ ಗಂಡುದನಿಯಲ್ಲಿ "ಪ್ರಾಣಕಾಂತಾ" ಎಂದಾಗ ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಮಂತ್ರಿಗೆ ಒಂದೇ ಮಾತನ್ನು ಗುರಣ್ಣ ಮತ್ತೆ ಮತ್ತೆ ಎತ್ತಿಕೊಟ್ಟು, ಕೊನೆಗೆ ತಾಳ್ಮೆಗೆಟ್ಟು "ಏ ಶ್ರೀಪಾದಾ, ನಿದ್ದಿ ಹತ್ತೇತೇನೋ?" ಎಂದಾಗ ಅವರು ನನ್ನ ಕಡೆ ತಿರುಗಿ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಆ ಕೋಣೆಯಲ್ಲಿ ಹೆದರುವಂಥದ್ದು ಏನೂ ಉಳಿದಿರಲಿಲ್ಲ. ನಮಗೆಲ್ಲ ಮಾತು ಕೊಟ್ಟವರು ಮಾತಾಡುತ್ತಿದ್ದರು, ಅಷ್ಟೆ.

ಕೊನೆಯ ಭಾಗ ಬಂತು. ಬಣ್ಣ ಹಚ್ಚಿದವರೆಲ್ಲ ಸಾಲಾಗಿ ನಿಂತರು. ಅಧ್ಯಕ್ಷರು ಪಕ್ಕಕ್ಕೆ ತಿರುಗಿ ಕೈಬೀಸಿ ಕರೆದರು. ಪರದೆಯ ಮರೆಯಿಂದ, ಅರ್ಧ ತೋಳಿನ ಅಂಗಿಯಲ್ಲಿ, ಬೆಳಕಿಗೆ ಕಣ್ಣು ಕಿರಿದು ಮಾಡುತ್ತ ಗುರಣ್ಣ ಬಂದರು. ಹಾರ ಹಾಕಿದರು. ಅವರು ಕೈಮುಗಿದರು. ಮೈಕಿನ ಎದುರು ನಿಂತು ಏನೋ ಹೇಳಿದರು ಕೂಡ. ತುಟಿ ಅಲುಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಪಕ್ಕದ ಪರದೆಯ ಹತ್ತಿರ ಈಗ ಯಾರೂ ಇರಲಿಲ್ಲ. ಅಷ್ಟು ಹೊತ್ತು ಎಲ್ಲರಿಗಾಗಿ ಆಡಿದ ದನಿ, ತನಗಾಗಿ ಆಡಬೇಕಾದಾಗ ನಿಂತುಹೋಗಿತ್ತು. ಟೀವಿಯಲ್ಲಿ ಬರಿಯ ಮೌನ.

ನನಗೆ ಕಣ್ಣು ತುಂಬಿ ಬಂತು. ವೈನಿ ಕಾದು ಕೂತಿದ್ದ ಒಂದು ಗಳಿಗೆಯನ್ನೇ ನಾನು ಹಾಳು ಮಾಡಿದ್ದೆ.

"ವೈನಿ, ಹಿಂಗ ಬ್ಯಾಡ. ಇಲ್ಲೇ ದನಿ ಹೋಗೇದ. ನಾಳೆ ಸರಿ ಮಾಡಿ ತರ್ತೀನಿ."

ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ.

"ಏನೂ ಹೋಗಿಲ್ಲೋ" ಅಂದರು. "ಮಂದಿಗೆಲ್ಲಾ ಮಾತು ಹೇಳಿಕೊಟ್ಟು ಮನಿಗೆ ಬಂದಾರ. ಮನಿಗೆ ಬಂದ ಮ್ಯಾಲೆ ಅವ್ರು ಹಿಂಗ, ಸುಮ್ಮನ."

ಆಮೇಲೆ ರಿಮೋಟ್ ತೆಗೆದುಕೊಂಡು ದನಿಯನ್ನು ಇನ್ನಷ್ಟು ಏರಿಸಿದರು.