ಮೇಷ್ಟ್ರು ಹೇಳಿದ ನಾಕ

ನಮ್ಮ ಕನ್ನಡ ಮೇಷ್ಟ್ರ ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಲಕ್ವ ಹೊಡೆದು ಮಲಗಿದ ಹೆಂಡತಿಯನ್ನು ಒಂಬತ್ತು ವರ್ಷ ಎತ್ತಿ ಕೂರಿಸಿ, ಮಗ್ಗುಲು ಬದಲಿಸಿದ ಗುರುತು ಅದು. ಸಂಜೆ ಒಂದು ತಾಸು ಪಕ್ಕದ ಮನೆಯಾಕೆಯನ್ನು ಹೆಂಡತಿಯ ಬಳಿ ಕೂರಿಸಿ, ಕೊಟ್ಟೂರಿನ ನನ್ನ ಡಿಟಿಪಿ ಅಂಗಡಿಗೆ ಬರುತ್ತಿದ್ದರು. ಬಂದವರು ಸುಮ್ಮನಿರುವ ಪೈಕಿಯಲ್ಲ. ತಿಥಿ ಕಾರ್ಡುಗಳ ಪ್ರೂಫು ತಿದ್ದುತ್ತಿದ್ದರು. ಸತ್ತವರ ಹೆಸರು ತಪ್ಪಾದರೆ ಸಿಟ್ಟು. "ಬದುಕಿದ್ದಾಗಂತೂ ಯಾರೂ ನೆಟ್ಟಗ ಕರೀಲಿಲ್ಲ, ಈಗರ ಸರಿಯಾಗಿ ಬರೀರಿ" ಎನ್ನುವರು.

ಒಮ್ಮೆ ತಂಬ್ರಹಳ್ಳಿಯ ರೈತರೊಬ್ಬರು ತಾಯಿಯ ಕಾರ್ಡು ಮಾಡಿಸಲು ಬಂದು, "ಎಲ್ಲಾರಿಗೂ ಸ್ವರ್ಗ ಅಂತನ ಹಾಕ್ತೀರಿ. ಬ್ಯಾರೆ ಶಬ್ದ ಇಲ್ಲೇನ್ರಿ?" ಎಂದರು.

"ನಾಕ ಅಂತ ಐತ್ರಿ, ಹಳೇ ಕಾವ್ಯದಾಗ ಬರ್ತೈತಿ," ಎಂದರು ಮೇಷ್ಟ್ರು. "ಕ ಅಂದ್ರ ಸುಖ, ಅಕ ಅಂದ್ರ ದುಃಖ. ದುಃಖ ಇಲ್ಲದ ಜಾಗ ನಾಕ." ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ನೋಡ್ರಿ, ಸುಖ ಐತಿ ಅಂತ ಹೇಳಲೇ ಇಲ್ಲ. ದುಃಖ ಇಲ್ಲಂದ್ರ ಸಾಕು ಅಂದಾನ. ಈ ಶಬ್ದ ಮಾಡಿದಾಂವ ಬಾಳ ದಣಿದಿದ್ದ ಕಾಣ್ತೈತಿ."

"ಮಂದಿಗಿ ತಿಳಿಯಂಗಿಲ್ಲ ಬಿಡ್ರಿ" ಎಂದು ರೈತರು ಸ್ವರ್ಗವನ್ನೇ ಹಾಕಿಸಿಕೊಂಡು ಹೋದರು.

ಮೇಷ್ಟ್ರ ಹೆಂಡತಿ ತೀರಿಕೊಂಡ ದಿನ ನಾನೂ ಹೋಗಿದ್ದೆ. ಅಂಗಳದಲ್ಲಿ ಭಜನೆ, ಒಳಗೆ ಹೆಂಗಸರ ಅಳು. ಮೇಷ್ಟ್ರು ಕಟ್ಟೆಯ ಮೇಲೆ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಹೆಣ ಎತ್ತುವಾಗ ಅಲುಗಿಸಿ ಎಬ್ಬಿಸಬೇಕಾಯಿತು. ಕಲ್ಲೆದೆಯ ಮನುಷ್ಯ ಎಂದು ಊರು ಆಡಿಕೊಂಡಿತು. ನಿಜ ಹೇಳಬೇಕೆಂದರೆ ನನಗೂ ಸಿಟ್ಟು ಬಂದಿತ್ತು.

ಮೂರನೆಯ ದಿನ ಆಕೆಯ ಕಾರ್ಡಿನ ಪ್ರೂಫು ನೋಡಲು ಬಂದರು. ನಾನು ಮುಖ ಕೊಟ್ಟು ಮಾತಾಡಲಿಲ್ಲ. ಅವರು ಏನೂ ತಿದ್ದದೆ ಕಾಗದ ಮಡಚಿಟ್ಟರು.

"ಆಕಿ ನಾಕಕ್ಕ ಹೋದ್ಳೋ ಇಲ್ಲೋ, ನಾ ಕಂಡಿಲ್ಲವ್ವ. ಆವತ್ತು ಎರಡು ತಾಸು ನಾ ಅಂತೂ ಅಲ್ಲಿದ್ದೆ. ಆಕಿ ಕರೀತಾಳ ಅನ್ನೋ ಅಂಜಿಕಿ ಇಲ್ಲದ ನಿದ್ದಿ, ಒಂಬತ್ತು ವರ್ಷದಾಗ ಅದೊಂದ." ಮಡಚಿದ ಕಾಗದ ಮತ್ತೆ ಬಿಚ್ಚಿ, "ಈಗ ಅಳು ಬರಾಕತ್ತೈತಿ," ಎಂದು ಅಲ್ಲೇ ಕೂತು ಅತ್ತರು.

ಮೇಷ್ಟ್ರೂ ತೀರಿಹೋಗಿ ಎರಡು ವರ್ಷವಾಯಿತು. ಆರು ವರ್ಷ ಹಾಸಿಗೆ ಹಿಡಿದಿದ್ದ ನನ್ನ ಅತ್ತೆ ಈ ಬೇಸಗೆಯಲ್ಲಿ ತೀರಿಕೊಂಡರು. ಅವರ ಮೈ ತೊಳೆದು ಸೀರೆ ಉಡಿಸಿದವಳು ಅಡುಗೆಮನೆಯ ನೆಲದ ಮೇಲೆ ಉರುಳಿಕೊಂಡೆ, ನಿದ್ದೆ ಹತ್ತಿಬಿಟ್ಟಿತು. ನಾದಿನಿ ಎಬ್ಬಿಸಿ, ನುಂಗುವ ಹಾಗೆ ನೋಡಿದಳು. ಮೇಷ್ಟ್ರನ್ನು ಕಾಣದೆ ಇದ್ದಿದ್ದರೆ ಆ ನೋಟಕ್ಕೆ ಜನ್ಮವಿಡೀ ತಲೆ ತಗ್ಗಿಸಿಕೊಂಡಿರುತ್ತಿದ್ದೆ.

"ಇನ್ನೊಂದೀಟು ಮಲಗ್ತೀನವ್ವ" ಎಂದು ಮಗ್ಗುಲಾದೆ.